ಒಂದು ಬದಿ ಹಾಲು ಕಡಿಮೆ ಇದ್ದಾಗ

ಎದೆಹಾಲು ಪಂಪ್ ಮಾಡಿದ ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಟ್ಟಾಗಲೇ ಈ ಚಿಂತೆ ಶುರುವಾಗುವುದು. ಬಲಬದಿಯದ್ದರಲ್ಲಿ 70 ಎಂ.ಎಲ್., ಎಡಬದಿಯದ್ದರಲ್ಲಿ 25. ಮಗುವಿಗೆ ನೇರವಾಗಿ ಹಾಲೂಡಿಸುತ್ತಿದ್ದಷ್ಟು ದಿನ ಯಾರ ಗಮನಕ್ಕೂ ಬಾರದ ವ್ಯತ್ಯಾಸ ಈಗ ಲೆಕ್ಕದಲ್ಲಿ ಕಣ್ಣೆದುರು ಬಂದು ನಿಲ್ಲುತ್ತದೆ. "ಸಿಸ್ಟರ್, ಈ ಬದಿಯಲ್ಲಿ ಎಂತದೂ ಇಲ್ಲ" ಎಂದು ಫೋನ್ ಮಾಡುವವರಲ್ಲಿ ಹೆಚ್ಚಿನವರು ರಜೆ ಮುಗಿದು ಕೆಲಸಕ್ಕೆ ಹೊರಡುವ ತಯಾರಿಯಲ್ಲಿರುತ್ತಾರೆ. ಮಂಗಳೂರು, ಸುರತ್ಕಲ್, ಉಳ್ಳಾಲದ ಕಡೆ ಬಾಣಂತಿಯರಿಗೆ ಹಾಲೂಡಿಸುವುದರಲ್ಲಿ ನೆರವಾಗುವ ನಾವು ಈ ತೊಂದರೆಯನ್ನು ಯಾವ ಕ್ರಮದಲ್ಲಿ ನೋಡುತ್ತೇವೆ, ಎಲ್ಲೆಲ್ಲಿ ತಪ್ಪುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂದು ಇಲ್ಲಿ ಬರೆಯುತ್ತಿದ್ದೇವೆ. ಕಡಿಮೆ ಇರುವುದು ಎಡಬದಿ ಎಂದು ಇಟ್ಟುಕೊಂಡು ಬರೆದಿದ್ದೇವೆ, ನಿಮ್ಮದು ಬಲಬದಿಯಾದರೆ ಎಡ ಬಲ ಅದಲುಬದಲಾಗಿ ಓದಿಕೊಳ್ಳಿ.

ಹಾಲು ತಯಾರಿಸಲು ಬೇಕಾದ ಪ್ರೊಲ್ಯಾಕ್ಟಿನ್, ತಯಾರಾದ ಹಾಲನ್ನು ಇಳಿಸುವ ಆಕ್ಸಿಟೋಸಿನ್, ಈ ಎರಡು ಹಾರ್ಮೋನುಗಳೂ ರಕ್ತದಲ್ಲಿ ಹರಿದು ಎರಡೂ ಮೊಲೆಗೆ ಒಂದೇ ಹೊತ್ತಿಗೆ ತಲಪುತ್ತವೆ. ಮಗು ಒಂದು ಬದಿ ಚೀಪುವಾಗ ಇನ್ನೊಂದು ಬದಿ ತೊಟ್ಟಿಕ್ಕಿ ನೈಟಿ ಒದ್ದೆಯಾಗುವುದು ಅದಕ್ಕೇ. ಹಾಗಾಗಿ ಒಂದು ಬದಿ ಚೆನ್ನಾಗಿ ಹಾಲು ಬರುತ್ತಿದೆ ಎಂದರೆ ತಾಯಿಯ ಮೈ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಊಟ, ನೀರು, ಹಾರ್ಮೋನು ಇವುಗಳ ಮೇಲೆ ಅನುಮಾನ ಪಡಬೇಕಾಗಿಲ್ಲ. ಕಾರಣ ಇರುವುದು ಕಡಿಮೆ ಇರುವ ಆ ಬದಿಯಲ್ಲಿ, ಆ ಬದಿಗೆ ಹಾಕುವ ಪಂಪಿನಲ್ಲಿ, ಅಥವಾ ಮಗು ಆ ಬದಿಯನ್ನು ಬಾಯಿಗೆ ತೆಗೆದುಕೊಳ್ಳುವ ರೀತಿಯಲ್ಲಿ. ಹುಡುಕಬೇಕಾದದ್ದೂ ಅಲ್ಲೇ.

ಹಾಲು ಬರಲು ಶುರುವಾದ ಮೊದಲ ಕೆಲವು ದಿನ ಹಾರ್ಮೋನಿನದೇ ಕಾರುಬಾರು. ಆಮೇಲೆ ಪ್ರತಿಯೊಂದು ಮೊಲೆಯೂ ತನ್ನ ಲೆಕ್ಕ ತಾನೇ ನೋಡಿಕೊಳ್ಳುತ್ತದೆ. ಒಳಗೆ ಹಾಲು ನಿಂತಷ್ಟು ಹೊತ್ತು ಆ ಬದಿಯ ತಯಾರಿಕೆ ನಿಧಾನವಾಗುತ್ತದೆ, ಖಾಲಿಯಾದಷ್ಟೂ ವೇಗ ಹೆಚ್ಚುತ್ತದೆ. ಇದರ ಜೊತೆಗೆ ಎರಡು ಬದಿಯ ಹಾಲು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯವೂ ಒಂದೇ ಇರುವುದಿಲ್ಲ. ಹೊರಗಿನಿಂದ ಕಾಣುವ ಗಾತ್ರ ನೋಡಿ ಇದನ್ನು ಹೇಳಲಾಗದು, ಏಕೆಂದರೆ ಗಾತ್ರದಲ್ಲಿ ಕೊಬ್ಬಿನ ಪಾಲೂ ಇರುತ್ತದೆ. ಪಂಪ್ ಮಾಡುವ ತಾಯಂದಿರ ಹಾಲನ್ನು ಬದಿ ಬದಿಯಾಗಿ ಅಳೆದು ನೋಡಿದಾಗ ಬಲಬದಿ ಹೆಚ್ಚಿರುವವರೇ ಜಾಸ್ತಿ ಸಿಕ್ಕಿದ್ದಾರೆ. ತಾಯಿ ಬಲಗೈಯವಳೋ ಎಡಗೈಯವಳೋ ಎಂಬುದಕ್ಕೂ ಅದಕ್ಕೂ ಸಂಬಂಧ ಕಂಡಿಲ್ಲ. ಅಂದರೆ 60ಕ್ಕೆ 45 ಎಂಬಂಥ ವ್ಯತ್ಯಾಸವನ್ನು ಕಾಯಿಲೆ ಎಂದು ನೋಡಲೇಬಾರದು.

ಮನೆಯ ಹಿರಿಯರು ಹೇಳುವುದು ಬೇರೆ. "ಮೆಂತೆ ಗಂಜಿ ಸರಿ ಕುಡಿ ಮಗಾ, ಹಾಲು ತಾನಾಗಿ ಬರ್ತದೆ" ಎನ್ನುತ್ತಾರೆ. ಮೆಂತೆ ಗಂಜಿ, ಬೆಳ್ಳುಳ್ಳಿ ಒಗ್ಗರಣೆ, ನುಗ್ಗೆಸೊಪ್ಪು, ಓಲೆಬೆಲ್ಲ ಇವೆಲ್ಲ ಬಾಣಂತಿಗೆ ಒಳ್ಳೆಯ ಊಟವೇ, ಬೇಡ ಎನ್ನುವುದಿಲ್ಲ. ಹೆರಿಗೆಯಾದವಳ ಹಸಿವೂ ಜಾಸ್ತಿ, ಬೇಕಾದ ಶಕ್ತಿಯೂ ಜಾಸ್ತಿ. ಆದರೆ ಹೊಟ್ಟೆಗೆ ಹೋದದ್ದು ಎಡಮೊಲೆಗೆ ಮಾತ್ರ ಎಂದು ಹೋಗುವುದಿಲ್ಲ. ಶತಾವರಿ ಪುಡಿಯೂ ಅಷ್ಟೇ, ವೈದ್ಯರು ಕೆಲವರಿಗೆ ಬರೆದುಕೊಡುವ ಡೊಂಪೆರಿಡೋನ್ ಮಾತ್ರೆಯೂ ಅಷ್ಟೇ. ಒಂದು ಬದಿಯ ಕೊರತೆಗೆ ಡೊಂಪೆರಿಡೋನ್ ನುಂಗುವುದು ತಪ್ಪು ದಾರಿ. ಅದು ಹೃದಯದ ಬಡಿತದ ಲಯವನ್ನು ಕೆಡಿಸುವ ಸಾಧ್ಯತೆ ಇರುವ ಮಾತ್ರೆಯಾದ್ದರಿಂದ ಮೆಡಿಕಲ್‌ನಲ್ಲಿ ಕೇಳಿ ತಂದು ನುಂಗುವಂಥದ್ದೂ ಅಲ್ಲ.

ನಾವು ಮೊದಲು ನೋಡುವುದು ಮಗುವನ್ನು, ಬಾಟಲಿಯನ್ನಲ್ಲ. ಹುಟ್ಟಿದ 6ನೇ ದಿನದಿಂದ ಮುಂದೆ 24 ಗಂಟೆಯಲ್ಲಿ ಕಡಿಮೆಯೆಂದರೆ 6 ಸಲ ಚೆನ್ನಾಗಿ ಮೂತ್ರ ಮಾಡಬೇಕು, ಬಣ್ಣ ತಿಳಿಯಾಗಿರಬೇಕು. ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದೊಳಗೆ ಹುಟ್ಟಿದಾಗಿನ ಮಟ್ಟಕ್ಕೆ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರುತ್ತಿರಬೇಕು. ಇಷ್ಟು ನಡೆಯುತ್ತಿದ್ದರೆ ಎರಡೂ ಬದಿ ಸೇರಿದ ಒಟ್ಟು ಹಾಲು ಸಾಕಾಗುತ್ತಿದೆ. ಒಂದು ತಿಂಗಳಿಂದ ಆರು ತಿಂಗಳವರೆಗೆ ಬರೀ ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ ಹೆಚ್ಚುಕಡಿಮೆ 750 ಎಂ.ಎಲ್. ಬೇಕಾಗುತ್ತದೆ. ಅದರಲ್ಲಿ ಬಲಬದಿಯಿಂದ 500, ಎಡಬದಿಯಿಂದ 250 ಬಂದರೆ ಮಗುವಿಗೆ ಏನೂ ನಷ್ಟವಿಲ್ಲ. ಕಡಿಮೆ ಇರುವ ಬದಿಯ ಹಾಲು ತೆಳು, ಸತ್ವ ಇಲ್ಲ ಎಂಬ ಮಾತೂ ಸರಿಯಲ್ಲ. ಹಾಲಿನ ಕೊಬ್ಬು ಆ ಮೊಲೆ ಎಷ್ಟು ಖಾಲಿಯಾಗಿದೆ ಎಂಬುದನ್ನು ಅನುಸರಿಸುತ್ತದೆ. ತುಂಬಿಕೊಂಡಿರುವ ಬದಿಯ ಮೊದಲ ಹಾಲು ನೀರಾಗಿ, ಖಾಲಿಯಾಗುತ್ತ ಬಂದ ಬದಿಯ ಹಾಲು ಕೆನೆಯಾಗಿ ಕಾಣುತ್ತದೆ. ಹಾಗಾಗಿ ಸಣ್ಣ ಬಾಟಲಿಯ ಹಾಲು ಕೆಲವು ಸಲ ದಪ್ಪಗಿರುವುದೂ ಉಂಟು.

ತೂಕ ಸರಿಯಾಗಿ ಏರದಿದ್ದರೆ ಅಥವಾ ಕೆಲಸಕ್ಕೆ ಹೋಗುವಾಗ ಬಿಟ್ಟು ಹೋಗುವ ಹಾಲು ಸಾಲದಿದ್ದರೆ ಮುಂದಿನ ಹೆಜ್ಜೆ. ಒಂದು ಹೊತ್ತಿನ ಲೆಕ್ಕ ನೋಡಿ ತೀರ್ಮಾನಿಸಬೇಡಿ. ಮೂರು ದಿನ ಒಂದೇ ಹೊತ್ತಿಗೆ ಪಂಪ್ ಮಾಡಿ, ಎಡ ಬಲ ಬೇರೆ ಬೇರೆ ಬರೆದಿಡಿ. ಬೆಳಿಗ್ಗೆ ಹಾಲು ಹೆಚ್ಚು, ಸಂಜೆ ಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಬೆಳಿಗ್ಗೆಯ ಬಲವನ್ನು ಸಂಜೆಯ ಎಡಕ್ಕೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹಿಂದಿನ ಸಲ ಮಗು ಯಾವ ಬದಿ ಕುಡಿದಿತ್ತು ಎಂಬುದನ್ನೂ ಬರೆಯಿರಿ. ಮಗು ಕುಡಿದು ಅರ್ಧ ಗಂಟೆಯಾದ ಬದಿಯನ್ನೂ ಮೂರು ಗಂಟೆ ತುಂಬಿ ನಿಂತ ಬದಿಯನ್ನೂ ಒಟ್ಟಿಗೆ ಪಂಪ್ ಮಾಡಿ "ಎಡಬದಿ ಹಾಲಿಲ್ಲ" ಎಂದು ಹೆದರುವವರು ಬಹಳ ಮಂದಿ. ಮಗು ಎರಡೂ ಬದಿ ಕುಡಿದ ಮೇಲೆ ಪಂಪ್ ಮಾಡಿದರೆ ಒಟ್ಟು 15ರಿಂದ 60 ಎಂ.ಎಲ್. ಬಂದರೂ ಒಳ್ಳೆಯದೇ. ಮಗು ಕುಡಿಯಬೇಕಾದ ಹೊತ್ತಿಗೆ ಅದರ ಬದಲು ಪಂಪ್ ಮಾಡಿದರೆ 60ರಿಂದ 120 ನಿರೀಕ್ಷಿಸಬಹುದು.

ಈ ಮೂರು ದಿನಗಳಲ್ಲೇ ಪಂಪಿನ ಪರೀಕ್ಷೆಯೂ ಆಗಬೇಕು. ಎರಡು ಬದಿಯ ಪಂಪ್ ಇದ್ದರೆ ಎರಡನೆಯ ದಿನ ಎಡದ ಬಾಟಲಿ, ಫ್ಲ್ಯಾಂಜ್ (ಮೊಲೆಗೆ ಕೂರಿಸುವ ಆಲಿಕೆಯಂಥ ಭಾಗ), ವಾಲ್ವ್, ಟ್ಯೂಬ್ ಪೂರ್ತಿ ಸೆಟ್ಟನ್ನು ಬಲಕ್ಕೆ ಹಾಕಿ, ಬಲದ್ದನ್ನು ಎಡಕ್ಕೆ ಹಾಕಿ. ಕಡಿಮೆ ಹಾಲು ಸೆಟ್ಟಿನ ಜೊತೆ ಬಲಕ್ಕೆ ಹೋದರೆ ತಪ್ಪು ಪಂಪಿನದು. ಎಡಬದಿಯಲ್ಲೇ ಉಳಿದರೆ ಮಾತ್ರ ಮೊಲೆಯ ಕಡೆ ನೋಡಬೇಕು. ಖರ್ಚಿಲ್ಲದ, ಹತ್ತು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ವಾರಗಟ್ಟಲೆ ಮಾತ್ರೆ, ಪುಡಿ, ಕಷಾಯ ಎಂದು ಹೋಗುವುದನ್ನು ನೋಡುವಾಗ ಬೇಸರವಾಗುತ್ತದೆ.

ಪಂಪಿನಲ್ಲಿ ಮೊದಲು ಸೋಲುವುದು ವಾಲ್ವ್. ಬಾತುಕೋಳಿಯ ಕೊಕ್ಕಿನ ಆಕಾರದ ಈ ಸಿಲಿಕೋನ್ ತುಂಡಿನ ತುದಿಯಲ್ಲಿ ಒಂದು ಸಣ್ಣ ಸೀಳು ಇರುತ್ತದೆ. ಪಂಪ್ ಎಳೆಯುವಾಗ ಅದು ಮುಚ್ಚಿ ನಿರ್ವಾತ ಉಂಟಾಗಬೇಕು, ಬಿಡುವಾಗ ತೆರೆದು ಹಾಲು ಬಾಟಲಿಗೆ ಬೀಳಬೇಕು. ವಾಲ್ವನ್ನು ತೊಳೆದು ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎರಡು ಬದಿಯಿಂದ ಮೆಲ್ಲಗೆ ಒತ್ತಿದರೆ ಸೀಳು ತೆರೆಯುತ್ತದೆ, ಬೆರಳು ಬಿಟ್ಟ ಕೂಡಲೇ ಮುಚ್ಚಬೇಕು. ಬಿಟ್ಟ ಮೇಲೂ ಬೆಳಕಿನ ಒಂದು ಎಳೆ ಕಾಣುತ್ತಿದ್ದರೆ ಆ ವಾಲ್ವಿನ ಆಯುಸ್ಸು ಮುಗಿಯಿತು. ದಿನಕ್ಕೆ ಮೂರು ನಾಲ್ಕು ಸಲ ಪಂಪ್ ಮಾಡುವವರು ಒಂದೆರಡು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ತೊಳೆಯುವಾಗ ಸೀಳಿನೊಳಗೆ ಬ್ರಷ್ ಅಥವಾ ಬೆರಳು ತೂರಿಸುವುದೇ ಅದು ಬೇಗ ಹಾಳಾಗಲು ಕಾರಣ. ಸಾಬೂನು ನೀರಿನಲ್ಲಿ ಅಲುಗಾಡಿಸಿ, ಧಾರೆ ನೀರಿನಲ್ಲಿ ತೊಳೆದರೆ ಸಾಕು.

ಇನ್ನು ಟ್ಯೂಬ್. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದರ ಕಷ್ಟವೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಹವೆಯಲ್ಲಿ ಟ್ಯೂಬಿನೊಳಗೆ ಸೇರಿದ ಹನಿ ಒಣಗುವುದಿಲ್ಲ, ಒಂದು ವಾರದಲ್ಲಿ ಕಪ್ಪು ಚುಕ್ಕೆಯಂತೆ ಬೂಸಲು ಕಾಣುತ್ತದೆ. ಪಂಪ್ ಮಾಡಿ ಮುಗಿದ ಮೇಲೆ ಬಾಟಲಿ ಸೆಟ್ಟನ್ನು ಬಿಡಿಸಿ ಬರೀ ಟ್ಯೂಬನ್ನು ಮೋಟರಿಗೆ ಸಿಕ್ಕಿಸಿ ಮೂರು ನಾಲ್ಕು ನಿಮಿಷ ಓಡಿಸಿದರೆ ಒಳಗಿನ ಹನಿ ಆರುತ್ತದೆ. ಬೂಸಲು ಬಂದ ಟ್ಯೂಬನ್ನು ತೊಳೆದು ಮತ್ತೆ ಬಳಸಬೇಡಿ, ಹೊಸದು ಹಾಕಿ. ಟ್ಯೂಬಿನ ತುದಿ ಸಡಿಲವಾಗಿದ್ದರೆ, ಅಥವಾ ಹಾಲು ಹಿಂದೆ ಬಾರದಂತೆ ತಡೆಯುವ ಡಯಾಫ್ರಮ್ ಸರಿಯಾಗಿ ಕೂರದಿದ್ದರೆ ಆ ಬದಿಯ ಎಳೆತ ಅರ್ಧಕ್ಕೆ ಇಳಿಯುತ್ತದೆ. ಫ್ಲ್ಯಾಂಜಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಎರಡು ಬದಿಯ ಎಳೆತವನ್ನು ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಬ್ಯಾಟರಿ ಇಳಿದಿದ್ದಾಗಲೂ ಎಳೆತ ಕಡಿಮೆಯಾಗುತ್ತದೆ. ಬದಿಗೊಂದರಂತೆ ಬ್ರಾ ಒಳಗೆ ಇಟ್ಟುಕೊಳ್ಳುವ ಪಂಪುಗಳಿಗೆ ಮೋಟರ್ ಕೂಡ ಬೇರೆ ಬೇರೆ. ಹಾಗಾಗಿ ಒಂದರ ಚಾರ್ಜ್ ಇಳಿದು ಆ ಬದಿ ಮಾತ್ರ ಸೋಲುವುದುಂಟು.

ಫ್ಲ್ಯಾಂಜಿನ ಅಳತೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇವೆ. ಅನೇಕ ಪಂಪುಗಳು 24 ಎಂ.ಎಂ. ಕೊಳವೆಯ ಫ್ಲ್ಯಾಂಜ್ ಜೊತೆಗೇ ಬರುತ್ತವೆ, ಬಾಣಂತಿ ಅದನ್ನೇ ಎರಡೂ ಬದಿಗೆ ಹಾಕಿಕೊಳ್ಳುತ್ತಾಳೆ. ಆದರೆ ತೊಟ್ಟಿನ ಅಗಲ ಒಬ್ಬೊಬ್ಬರದು ಒಂದೊಂದು ತರ, ಒಬ್ಬಳದೇ ಎರಡು ಬದಿಯಲ್ಲೂ ಎರಡು ತರ ಇರಬಹುದು. ಹಾಲೂಡಿಸುವ ಮೊದಲು, ಊದಿಕೊಂಡಿಲ್ಲದ ಹೊತ್ತಿನಲ್ಲಿ, ಮಕ್ಕಳ ಸ್ಕೇಲ್ ಇಟ್ಟು ತೊಟ್ಟಿನ ಬುಡದ ಅಗಲವನ್ನು ಎಂ.ಎಂ. ಲೆಕ್ಕದಲ್ಲಿ ನೋಡಿ. ಸುತ್ತಿನ ಕಪ್ಪು ಭಾಗವನ್ನು ಸೇರಿಸಬಾರದು. ಆ ಅಳತೆಗೆ ಸಮ ಅಥವಾ 3 ಎಂ.ಎಂ. ವರೆಗೆ ಹೆಚ್ಚು ಇರುವ ಕೊಳವೆ ಹಿಡಿಸುತ್ತದೆ. ಬಲಬದಿ 19, ಎಡಬದಿ 15 ಇದ್ದವಳಿಗೆ ಬಲಕ್ಕೆ 21ರ ಫ್ಲ್ಯಾಂಜ್, ಎಡಕ್ಕೆ 17ರದ್ದು ಬೇಕಾಗುತ್ತದೆ. 24ರೊಳಗೆ ಕೂರಿಸುವ ಸಿಲಿಕೋನ್ ಬಳೆಗಳು ಸಿಗುತ್ತವೆ, ಹೊಸ ಫ್ಲ್ಯಾಂಜ್ ಕೊಳ್ಳಬೇಕೆಂದೇನೂ ಇಲ್ಲ. ಕೊಳವೆ ದೊಡ್ಡದಾದರೆ ತೊಟ್ಟಿನ ಜೊತೆ ಸುತ್ತಿನ ಕಪ್ಪು ಭಾಗವೂ ಒಳಗೆ ಸೇರಿ ಹಾಲಿನ ನಾಳಗಳನ್ನು ಅಮುಕುತ್ತದೆ. ಇಪ್ಪತ್ತು ನಿಮಿಷ ಪಂಪ್ ಮಾಡಿದರೂ ಮೊಲೆ ಭಾರವಾಗಿಯೇ ಇರುತ್ತದೆ, ತೆಗೆದು ನೋಡಿದರೆ ಬುಡದಲ್ಲಿ ಬಳೆಯ ಗುರುತಿನಂತೆ ಊತ. ಕೊಳವೆ ಸಣ್ಣದಾದರೆ ತೊಟ್ಟು ಗೋಡೆಗೆ ಉಜ್ಜಿ ಉರಿಯುತ್ತದೆ, ತುದಿ ಬಿಳಿಚುತ್ತದೆ.

ಎಳೆತ ಜೋರಾದಷ್ಟೂ ಹಾಲು ಹೆಚ್ಚು ಬರುತ್ತದೆಂದು ಕಡಿಮೆ ಇರುವ ಬದಿಗೆ ಪಂಪನ್ನು ಪೂರ್ತಿ ಏರಿಸಬಾರದು. ನೋವಾದರೆ ಹಾಲು ಇಳಿಯುವುದೇ ತಡೆಯುತ್ತದೆ. ಮೊದಲು ವೇಗ ಹೆಚ್ಚು ಎಳೆತ ಕಡಿಮೆ ಇರುವ ಮೋಡ್‌ನಲ್ಲಿ ಒಂದೆರಡು ನಿಮಿಷ, ಹಾಲಿನ ಧಾರೆ ಕಂಡ ಮೇಲೆ ನಿಧಾನದ ಮೋಡ್‌ಗೆ ಬದಲಿಸಿ. ನೋವಿಲ್ಲದೆ ತಡೆಯಬಹುದಾದ ಹೆಚ್ಚಿನ ಮಟ್ಟದಲ್ಲಿ ನಿಲ್ಲಿಸಿ. ಧಾರೆ ನಿಂತು ಹನಿಯಾದಾಗ ಮತ್ತೆ ಮೊದಲ ಮೋಡ್‌ಗೆ ಹೋದರೆ ಇನ್ನೊಂದು ಸಲ ಇಳಿಯುವುದುಂಟು.

ಪಂಪ್ ಸರಿಯಿದ್ದು, ಅಳತೆ ಸರಿಯಿದ್ದು, ಆದರೂ ಎಡಬದಿ ಹಿಂದೆ ಉಳಿದರೆ ಮಗು ಆ ಬದಿ ಕುಡಿಯುವುದನ್ನು ಕುಳಿತು ನೋಡುತ್ತೇವೆ. ಬಾಯಿ ದೊಡ್ಡದಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಡಚಿದೆಯೇ, ಗದ್ದ ಮೊಲೆಗೆ ತಾಗಿದೆಯೇ, ಕೆನ್ನೆ ಒಳಗೆ ಗುಳಿ ಬೀಳದೆ ತುಂಬಿಕೊಂಡಿದೆಯೇ, ಗುಟುಕು ನುಂಗುವ ಸದ್ದು ಕೇಳುತ್ತದೆಯೇ. ಕುಡಿದು ಬಿಟ್ಟ ಮೇಲೆ ತೊಟ್ಟು ಲಿಪ್‌ಸ್ಟಿಕ್ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ ಹಿಡಿತ ಆಳವಾಗಿಲ್ಲ. ಎಷ್ಟೋ ಸಲ ಎರಡು ಬದಿಯಲ್ಲೂ ತಾಯಿಯ ಕೈಯೇ ಬೇರೆ ರೀತಿ ಕೆಲಸ ಮಾಡುತ್ತಿರುತ್ತದೆ. ಬಲಗೈಯ ತಾಯಿಗೆ ಒಂದು ಬದಿ ಮಗುವನ್ನು ಹಿಡಿಯುವುದು ಸಲೀಸು, ಇನ್ನೊಂದು ಬದಿ ಕಷ್ಟ. ಸಿಸೇರಿಯನ್ ಗಾಯದ ನೋವು ಒಂದು ಕಡೆ ಜಾಸ್ತಿ ಇದ್ದರೂ ಹಾಗೆಯೇ. ಗೊತ್ತಿಲ್ಲದೆಯೇ ಸಲೀಸಾದ ಬದಿಗೆ ಮಗು ಹೆಚ್ಚು ಹೋಗುತ್ತದೆ, ರಾತ್ರಿಯಂತೂ ಒಂದೇ ಬದಿಗೆ ಮಲಗಿ ಕುಡಿಸುವುದು ಅಭ್ಯಾಸವಾಗುತ್ತದೆ. ಹಾಲು ನಿಂತ ಬದಿ ತಯಾರಿಕೆ ಇಳಿಸುತ್ತದೆ, ಹಾಲು ಕಡಿಮೆಯಾದ ಬದಿಯನ್ನು ಮಗು ಬೇಗ ಬಿಡುತ್ತದೆ. ಎರಡು ವಾರದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಾಗಿರುತ್ತದೆ.

ಒಂದು ಬದಿಗೆ ಇಟ್ಟ ಕೂಡಲೇ ಅಳುವ ಮಗುವಿನ ಮೈಯನ್ನೂ ನೋಡಬೇಕು. ಕಷ್ಟದ ಹೆರಿಗೆಯಲ್ಲಿ ಕೊರಳೆಲುಬಿಗೆ ಪೆಟ್ಟಾಗಿರಬಹುದು, ಕತ್ತಿನ ಸ್ನಾಯು ಒಂದು ಕಡೆ ಬಿಗಿದು ತಲೆ ಯಾವಾಗಲೂ ಒಂದೇ ಬದಿಗೆ ವಾಲುತ್ತಿರಬಹುದು, ಕಿವಿಯಲ್ಲಿ ಸೋಂಕಿರಬಹುದು. 6, 10, 14ನೇ ವಾರಗಳ ಚುಚ್ಚುಮದ್ದು ಆದ ಮೇಲೆ ತೊಡೆ ನೋಯುವ ಒಂದೆರಡು ದಿನ ಆ ತೊಡೆ ಒತ್ತುವ ಭಂಗಿಯನ್ನು ಮಗು ಒಪ್ಪುವುದಿಲ್ಲ. ಇಂಥ ಮಗುವಿಗೆ ಒಂದು ಉಪಾಯ ಚೆನ್ನಾಗಿ ನಡೆಯುತ್ತದೆ. ಇಷ್ಟಪಡುವ ಬಲಬದಿಯಲ್ಲಿ ತೊಡೆಯ ಮೇಲೆ ಅಡ್ಡ ಮಲಗಿಸಿ ಕುಡಿಸಲು ಶುರುಮಾಡಿ. ಹಾಲು ಇಳಿದು ಗುಟುಕು ಶುರುವಾದ ಮೇಲೆ ಮಗುವನ್ನು ತಿರುಗಿಸದೆ, ಮಲಗಿದ ಹಾಗೆಯೇ ಎಡಕ್ಕೆ ಸರಿಸಿ. ತಲೆ ಎಡಮೊಲೆಗೆ ಬರುತ್ತದೆ, ಕಾಲು ನಿಮ್ಮ ಎಡಕಂಕುಳ ಕೆಳಗಿನಿಂದ ಹಿಂದಕ್ಕೆ ಹೋಗುತ್ತದೆ. ಅಡಿಗೆ ಒಂದು ದಿಂಬು ಇಡಿ. ಮಗು ಅದೇ ಮಗ್ಗುಲಲ್ಲಿ ಮಲಗಿರುವುದರಿಂದ ಬದಿ ಬದಲಾದದ್ದು ಅದಕ್ಕೆ ತೊಂದರೆಯಾಗುವುದಿಲ್ಲ, ಹಾಲೂ ಆಗಲೇ ಇಳಿದಿರುವುದರಿಂದ ಕಾಯಬೇಕಾಗಿಲ್ಲ.

ಒಂದು ಬದಿಯ ತೊಟ್ಟು ಚಪ್ಪಟೆಯಾಗಿದ್ದರೆ ಅಥವಾ ಒಳಗೆ ಹೋಗಿದ್ದರೆ ಸಿರಿಂಜ್ ಉಪಾಯ ಇಲ್ಲಿನ ಹೆರಿಗೆ ವಾರ್ಡುಗಳಲ್ಲಿ ಹಳೆಯದು. 10 ಅಥವಾ 20 ಎಂ.ಎಲ್.ನ ಹೊಸ ಸಿರಿಂಜ್ ತೆಗೆದುಕೊಳ್ಳಿ. ಸೂಜಿ ಸಿಕ್ಕಿಸುವ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಪಿಸ್ಟನ್ ಹೊರತೆಗೆದು ಕತ್ತರಿಸಿದ ಕಡೆಯಿಂದ ಒಳಗೆ ತೂರಿಸಿ. ಕಾರ್ಖಾನೆಯಲ್ಲೇ ನಯವಾಗಿರುವ ಇನ್ನೊಂದು ತುದಿ ಮೊಲೆಗೆ ಬರಬೇಕು, ಕತ್ತರಿಸಿದ ಚೂಪು ಅಂಚು ಎಂದೂ ಚರ್ಮಕ್ಕೆ ತಾಗಬಾರದು. ತೊಟ್ಟಿನ ಮೇಲೆ ಕೂರಿಸಿ ಪಿಸ್ಟನ್ನನ್ನು ಮೆಲ್ಲಗೆ ಎಳೆದು ಅರ್ಧದಿಂದ ಒಂದು ನಿಮಿಷ ಹಿಡಿಯಿರಿ. ನೋವಾದರೆ ಪಿಸ್ಟನ್ನನ್ನು ಸ್ವಲ್ಪ ಒಳಕ್ಕೆ ಒತ್ತಿ ಸಡಿಲಿಸಿ, ಆಮೇಲೆ ತೆಗೆಯಿರಿ. ಹಾಲೂಡಿಸುವ ಸ್ವಲ್ಪ ಮೊದಲು ಮಾಡಿದರೆ ತೊಟ್ಟು ಎದ್ದು ನಿಂತಿರುವಾಗಲೇ ಮಗು ಹಿಡಿಯುತ್ತದೆ.

ಈಗ ಹಾಲು ಹೆಚ್ಚಿಸುವ ಕೆಲಸ. ಮಗು ಎಡಬದಿಯನ್ನು ಚೆನ್ನಾಗಿ ಹಿಡಿಯುತ್ತದಾದರೆ ಪ್ರತಿ ಸಲವೂ ಅಲ್ಲಿಂದಲೇ ಶುರುಮಾಡಿ. ಹಸಿದ ಮಗುವಿನ ಮೊದಲ ಐದು ಹತ್ತು ನಿಮಿಷದ ಚೀಪುವಿಕೆಗೆ ಯಾವ ಪಂಪೂ ಸಾಟಿಯಲ್ಲ. ಆಮೇಲೆ ಬಲಬದಿ ಹೊಟ್ಟೆ ತುಂಬಿಸಲಿ. ಎಡಬದಿಗೆ ಇಟ್ಟರೆ ಅತ್ತು ರಂಪ ಮಾಡುವ ಮಗುವಿನ ಜೊತೆ ಗುದ್ದಾಡಬೇಡಿ. ಅದನ್ನು ಬಲಬದಿಗೆ ಹಾಕಿ ಅದೇ ಹೊತ್ತಿಗೆ ಎಡಬದಿಗೆ ಪಂಪ್ ಹಚ್ಚಿ. ಮಗು ಇಳಿಸಿದ ಹಾಲು ಎರಡೂ ಕಡೆ ಇಳಿಯುವುದರಿಂದ ಪಂಪಿಗೆ ಶ್ರಮ ಕಡಿಮೆ. ಯಾವ ದಾರಿ ಹಿಡಿದರೂ ಹಾಲೂಡಿಸಿದ ಮೇಲೆ ಎಡಬದಿಗೆ ಮಾತ್ರ ಇನ್ನೂ 10 ನಿಮಿಷ ಪಂಪ್ ಬೇಕು. ಹನಿ ಬಾರದಿದ್ದರೂ ಎರಡು ಮೂರು ನಿಮಿಷ ಮುಂದುವರಿಸಿ, ಬಾಟಲಿಗೆ ಏನೂ ಬೀಳದ ಆ ನಿಮಿಷಗಳೂ ಮೊಲೆಗೆ ಇನ್ನಷ್ಟು ಬೇಕು ಎಂದು ಹೇಳುತ್ತವೆ. ದಿನಕ್ಕೆ ಐದಾರು ಸಲ ಹೀಗೆ ಆಗಬೇಕು, ಅದರಲ್ಲಿ ಒಂದು ರಾತ್ರಿಯಲ್ಲಿ. ರಾತ್ರಿ ಪ್ರೊಲ್ಯಾಕ್ಟಿನ್ ಹೆಚ್ಚಿರುತ್ತದೆ.

ದಿನಕ್ಕೊಮ್ಮೆ ಒಂದು ಗಂಟೆ ಬಿಡುವು ಸಿಕ್ಕವರು ಎಡಬದಿಗೆ ಬಿಟ್ಟು ಬಿಟ್ಟು ಪಂಪ್ ಮಾಡಬಹುದು. 20 ನಿಮಿಷ ಪಂಪ್, 10 ನಿಮಿಷ ವಿರಾಮ, 10 ಪಂಪ್, 10 ವಿರಾಮ, ಮತ್ತೆ 10 ಪಂಪ್. ಮಗು ಬೆಳೆಯುವ ಹೊತ್ತಿಗೆ ಸಂಜೆಯಿಡೀ ಎದೆಗೆ ಅಂಟಿಕೊಂಡು ಕುಡಿಯುವುದನ್ನು ಇದು ಅನುಕರಿಸುತ್ತದೆ. ಆದರೆ ಮನೆಗೆಲಸ, ದೊಡ್ಡ ಮಗು, ಸಿಸೇರಿಯನ್ ಗಾಯ ಇವುಗಳ ನಡುವೆ ಈ ಒಂದು ಗಂಟೆ ಹೊರೆಯಾಗುವುದಾದರೆ ಬಿಡಿ. ನಿದ್ದೆಗೆಟ್ಟು ಒಂದು ದಿನ ಇದನ್ನು ಮಾಡುವುದಕ್ಕಿಂತ ಹತ್ತು ಹತ್ತು ನಿಮಿಷದ ಪಂಪ್ ದಿನಾ ತಪ್ಪದೆ ನಡೆದರೆ ಹೆಚ್ಚು ಲಾಭ.

ಪಂಪ್ ಮಾಡುವಾಗ ಕೈ ಸುಮ್ಮನಿರಬಾರದು. ಮೊಲೆಯ ಹೊರಬದಿಯಿಂದ ತೊಟ್ಟಿನ ಕಡೆಗೆ ಹಗುರವಾಗಿ ಒತ್ತಿ ಹಿಡಿದು ಬಿಡಿ, ಜಾಗ ಬದಲಿಸಿ ಮತ್ತೆ ಒತ್ತಿ. ಪಂಪ್ ನಿಲ್ಲಿಸಿದ ಮೇಲೆ ಕೈಯಿಂದ ಹಿಂಡಿದರೆ ಇನ್ನಷ್ಟು ಬರುತ್ತದೆ, ಅದರಲ್ಲಿ ಕೊಬ್ಬೂ ಹೆಚ್ಚು. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂ.ಮೀ. ಹಿಂದೆ ಇಟ್ಟು ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದರ ಕಡೆಗೊಂದು ಅದುಮಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನೇ ಹಿಡಿದು ಹಿಂಡಲೂಬಾರದು. ಕರೆಂಟ್ ಹೋಗಿ ಪಂಪ್ ಚಾರ್ಜ್ ಇಲ್ಲದ ಮಳೆಗಾಲದ ರಾತ್ರಿಗೂ ಈ ಕೈಕೆಲಸ ಗೊತ್ತಿರಲೇಬೇಕು.

ತಪ್ಪುಗಳು ಹೆಚ್ಚಾಗಿ ಆಗುವುದು ಹಾಲು ಹೆಚ್ಚಿರುವ ಬದಿಯಲ್ಲಿ. ಎಡಬದಿಗೆ ಗಮನ ಕೊಡುವ ಭರದಲ್ಲಿ ಬಲಬದಿಯನ್ನು ಒಮ್ಮೆಲೇ ಬಿಟ್ಟರೆ ಹಾಲು ಕಟ್ಟಿ ಕಲ್ಲಾಗುತ್ತದೆ. ಅದಕ್ಕೆ ಎದುರಾದ ತಪ್ಪೆಂದರೆ ಎಡಬದಿ ಕುಡಿಸುವಾಗ ಬಲಬದಿಗೆ ಎಳೆತವಿರುವ ಸಿಲಿಕೋನ್ ಹಾಲು ಸಂಗ್ರಹಿಸುವ ಬಟ್ಟಲನ್ನು ಅಂಟಿಸಿಡುವುದು. ಸೋರುವ ಹಾಲು ಹಾಳಾಗಬಾರದು ಎಂಬ ಒಳ್ಳೆಯ ಉದ್ದೇಶ. ಆದರೆ ಆ ಬಟ್ಟಲೂ ಹಾಲು ಎಳೆಯುತ್ತದೆ. ಪ್ರತಿ ಸಲ 40 ಎಂ.ಎಲ್. ಹೆಚ್ಚಿಗೆ ತೆಗೆದರೆ ಬಲಬದಿ ನಾಳೆಯೂ ಅಷ್ಟೇ ಹೆಚ್ಚು ತಯಾರಿಸುತ್ತದೆ, ವ್ಯತ್ಯಾಸ ದಿನದಿಂದ ದಿನಕ್ಕೆ ಬೆಳೆಯುತ್ತದೆ. ಸಮ ಮಾಡಬೇಕೆಂದಿರುವಷ್ಟು ದಿನ ಬಟ್ಟಲು ಕಪಾಟಿನಲ್ಲಿರಲಿ, ಸೋರುವುದಕ್ಕೆ ಒಂದು ಬಟ್ಟೆ ಸಾಕು. ಬಲಬದಿ ಬಿಗಿದರೆ ನೋವು ಇಳಿಯುವಷ್ಟು ಮಾತ್ರ ತೆಗೆಯಿರಿ, ಪೂರ್ತಿ ಖಾಲಿ ಮಾಡಬೇಡಿ.

ಎಣ್ಣೆ ಸ್ನಾನದ ಹೊತ್ತಿನಲ್ಲಿ ಗಂಟು ಕರಗಲಿ ಎಂದು ಮೊಲೆಯನ್ನು ಗಟ್ಟಿಯಾಗಿ ತಿಕ್ಕುವುದು ಬೇಡ. ಮೈ ಕೈಗೆ ಎಣ್ಣೆ ಹಚ್ಚುವ ಅಮ್ಮನವರಿಗೆ ಇದನ್ನು ಮೊದಲೇ ಹೇಳಿಡಿ, ಹೇಳಿದರೆ ಅವರು ಕೇಳುತ್ತಾರೆ. ಒಳಗೆ ಊದಿಕೊಂಡ ನಾಳಗಳಿಗೆ ಒತ್ತಡದ ತಿಕ್ಕಾಟದಿಂದ ಪೆಟ್ಟಾಗಿ ಉರಿಯೂತ ಹೆಚ್ಚುತ್ತದೆ. ಹಾಲೂಡಿಸುವ ಮೊದಲು ಒಂದೆರಡು ನಿಮಿಷ ಬೆಚ್ಚಗಿನ ಬಟ್ಟೆ ಇಟ್ಟರೆ ಹಾಲು ಇಳಿಯಲು ಸಹಾಯ. ಊತ, ನೋವು ಇದ್ದರೆ ಕುಡಿಸಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ. ಕೆಂಪಗಾಗಿ, ಬಿಸಿಯಾಗಿ, ಚಳಿ ಜ್ವರ ಬಂದರೂ ಆ ಬದಿ ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ, ಮಗುವಿಗೆ ಅದರಿಂದ ತೊಂದರೆಯಿಲ್ಲ. 24 ಗಂಟೆಯಲ್ಲಿ ಕಡಿಮೆಯಾಗದಿದ್ದರೆ, ಅಥವಾ ಜ್ವರ ಏರುತ್ತಿದ್ದರೆ ಅದಕ್ಕೂ ಮೊದಲೇ, ವೈದ್ಯರ ಬಳಿ ಹೋಗಿ. ಕೆಲವರಿಗೆ ಆಂಟಿಬಯಾಟಿಕ್ ಬೇಕಾಗುತ್ತದೆ, ತಡಮಾಡಿದರೆ ಕೀವು ಕಟ್ಟುವುದುಂಟು. ಉರಿಯೂತ ಬಂದ ಬದಿಯ ಹಾಲು ಕೆಲವು ದಿನ ಉಪ್ಪುಪ್ಪಾಗಿರುತ್ತದೆ, ಪ್ರಮಾಣವೂ ಇಳಿಯುತ್ತದೆ. ಮಗು ಆ ಬದಿ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಕೆಲಸದ ಜಾಗದಲ್ಲಿ ಪಂಪ್ ಮಾಡುವವರಿಗೆ ಒಂದು ಮಾತು. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಾಮೂಲಿ ವಿರಾಮದ ಜೊತೆಗೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮ ಇದೆ. ಅದನ್ನು ಕೇಳಿ ಪಡೆಯಿರಿ. ಎರಡೂ ಬದಿ ಒಟ್ಟಿಗೆ 15 ನಿಮಿಷ ಪಂಪ್ ಮಾಡಿ, ಬಲದ್ದನ್ನು ತೆಗೆದು ಎಡದ್ದನ್ನು ಇನ್ನು 5 ನಿಮಿಷ ಬಿಟ್ಟರೆ ಒಂದು ವಿರಾಮದಲ್ಲಿ ಕೆಲಸ ಆಗುತ್ತದೆ. ಎರಡು ಬದಿಯ ಹಾಲನ್ನು ಒಂದೇ ಬಾಟಲಿಗೆ ಸೇರಿಸಬಹುದು, ಆದರೆ ಬೆಚ್ಚಗಿನ ಹಾಲನ್ನು ತಣ್ಣಗಿನದಕ್ಕೆ ನೇರ ಸುರಿಯದೆ ತಣಿಸಿ ಸೇರಿಸಿ. ಹೊರಗೆ 4 ಗಂಟೆ ಇಡಬಹುದು ಎಂದು ಹೇಳುವುದು 25 ಡಿಗ್ರಿ ಸೆಖೆಗೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನಿನ ಕೆಳಗೂ 30 ದಾಟುತ್ತದೆ, ಆದ್ದರಿಂದ ಪಂಪ್ ಮಾಡಿದ ಕೂಡಲೇ ಫ್ರಿಜ್ಜಿಗೆ ಅಥವಾ ಐಸ್ ಪ್ಯಾಕ್ ಇಟ್ಟ ಚೀಲಕ್ಕೆ ಹೋಗಬೇಕು. ಚೀಲದಲ್ಲಿ ಐಸ್ ಪ್ಯಾಕ್ ಗಟ್ಟಿಯಾಗಿದ್ದರೆ 24 ಗಂಟೆ ತಡೆಯುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಇಡದೆ ಒಳಗೆ ಹಿಂದಕ್ಕೆ ಇಟ್ಟರೆ 4 ದಿನ. ಬಿಸಿ ಮಾಡಲು ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟರಾಯಿತು, ಒಲೆಯ ಮೇಲೂ ಮೈಕ್ರೋವೇವ್‌ನಲ್ಲೂ ಬೇಡ. ಚಿಕ್ಕ ಮಗುವಿಗೆ ಒಳಲೆಯಲ್ಲಿ ಕುಡಿಸಿದರೆ ಬಾಟಲಿ ನಿಪ್ಪಲ್‌ನ ಅಭ್ಯಾಸವಾಗಿ ಎದೆ ಬಿಡುವ ಭಯ ಇಲ್ಲ.

ಮೊದಲ ಆರು ವಾರದೊಳಗೆ ಶುರುಮಾಡಿದರೆ ಒಂದು ವಾರದೊಳಗೇ ಬಾಟಲಿಯಲ್ಲಿ ಬದಲಾವಣೆ ಕಾಣುವುದು ಹೆಚ್ಚು. ನಾಲ್ಕೈದು ತಿಂಗಳಾದ ಮೇಲೆ ಶುರುಮಾಡಿದರೆ ಎರಡು ಮೂರು ವಾರ ತಾಳ್ಮೆ ಬೇಕು. ಎರಡೂ ಬದಿ ಪೂರ್ತಿ ಸಮವಾಗುವುದು ಅಪರೂಪ, ಅದನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಹಿಂದೆ ಮೊಲೆಯ ಶಸ್ತ್ರಚಿಕಿತ್ಸೆ ಆಗಿದ್ದರೆ, ಕೀವು ತೆಗೆದ ಗಾಯ ಇದ್ದರೆ, ಅಥವಾ ಒಂದು ಬದಿಯ ಹಾಲಿನ ಗ್ರಂಥಿಗಳೇ ಕಡಿಮೆ ಬೆಳೆದಿದ್ದರೆ ಎಷ್ಟು ಪಂಪ್ ಮಾಡಿದರೂ ಒಂದು ಮಿತಿಗೆ ನಿಲ್ಲುತ್ತದೆ. ಆಗ ಚೆನ್ನಾಗಿರುವ ಬದಿಯನ್ನು ನಂಬಿ ಮುಂದುವರಿಯುವುದೇ ಸರಿ. ಒಂದೇ ಬದಿಯಲ್ಲಿ ಮಗುವನ್ನು ಪೂರ್ತಿ ಸಾಕಬಹುದು. ಹಾಂಗ್‌ಕಾಂಗಿನ ದೋಣಿಗಳಲ್ಲೇ ಬದುಕುತ್ತಿದ್ದ ಟಂಕಾ ಮೀನುಗಾರ ಹೆಂಗಸರು ಬಲಬದಿಗೆ ತೆರೆಯುವ ಅಂಗಿ ತೊಡುತ್ತಿದ್ದುದರಿಂದ ಬಲಮೊಲೆಯಲ್ಲಿ ಮಾತ್ರ ಹಾಲೂಡಿಸುವುದು ಅವರಲ್ಲಿ ರೂಢಿಯಾಗಿತ್ತು, 1977ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದು ದಾಖಲಾಗಿದೆ. ಅವಳಿ ಮಕ್ಕಳ ತಾಯಂದಿರೂ ಮಗುವಿಗೊಂದು ಬದಿ ಎಂದು ಹಂಚಿ ಸಾಕುವುದನ್ನು ಇಲ್ಲೇ ನೋಡುತ್ತೇವೆ. ಅವಧಿಗೆ ಮೊದಲೇ ಹುಟ್ಟಿ ಎನ್.ಐ.ಸಿ.ಯು.ನಲ್ಲಿರುವ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಗುವಿಗೆ ತಾಯಿಯ ಹಾಲು ಎರಡೂ ಬದಿ ಸೇರಿ ಸಾಲದಿದ್ದರೆ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ, ವೈದ್ಯರ ಬಳಿ ಕೇಳಿ.

ನೋಟದಲ್ಲಿ ಒಂದು ಬದಿ ದೊಡ್ಡದಾಗಿ ಕಾಣುತ್ತದೆ ಎಂಬ ಸಂಕೋಚ ಹಲವರಿಗೆ. ಸಣ್ಣ ಬದಿಗೆ ಒಂದು ಹತ್ತಿಬಟ್ಟೆಯ ಪ್ಯಾಡ್ ಇಟ್ಟರೆ ಚೂಡಿದಾರದಲ್ಲಿ ಕಾಣಿಸುವುದಿಲ್ಲ. ಹಾಲು ಬಿಡಿಸಿದ ಮೇಲೆ ಹೆಚ್ಚಿನವರಿಗೆ ಗಾತ್ರ ಮೊದಲಿನ ಹಾಗೆ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡಮಾಡಬಾರದು. ಇದುವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಒಂದು ಬದಿಯನ್ನು ಇದ್ದಕ್ಕಿದ್ದಂತೆ ಬಿಟ್ಟು ಮತ್ತೆ ಹಿಡಿಯದಿದ್ದರೆ, ಆ ಬದಿಯಲ್ಲಿ ಕುಡಿಸಿದ ಮೇಲೂ ಕರಗದ ಗಂಟು ಎರಡು ವಾರ ಉಳಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತೆ ಕುಳಿ ಬಿದ್ದರೆ, ಮತ್ತೆ ಮತ್ತೆ ರಕ್ತ ಬೆರೆತ ಹಾಲು ಬಂದರೆ ಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರಿಗೆ ತೋರಿಸಿ. ಹಾಲೂಡಿಸುತ್ತಿರುವಾಗಲೂ ಅಲ್ಟ್ರಾಸೌಂಡ್ ಮಾಡಬಹುದು, ಅದಕ್ಕಾಗಿ ಹಾಲು ಬಿಡಿಸಬೇಕಾಗಿಲ್ಲ.

ಎಡಬದಿಯ ಹಾಲು ಬೇಕಾದಷ್ಟು ಏರಿದ ಮೇಲೆ ಹೆಚ್ಚುವರಿ ಪಂಪನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೂರು ನಾಲ್ಕು ದಿನಕ್ಕೊಂದರಂತೆ ಕಡಿಮೆ ಮಾಡುತ್ತ ಬನ್ನಿ, ಮೊದಲು ಮಧ್ಯಾಹ್ನದ್ದು, ಕೊನೆಗೆ ರಾತ್ರಿಯದ್ದು. ಬಾಟಲಿಯ ಲೆಕ್ಕ ಮತ್ತೆ ಇಳಿಯತೊಡಗಿದರೆ ಕೊನೆಗೆ ಬಿಟ್ಟದ್ದನ್ನು ಒಂದು ವಾರ ಮತ್ತೆ ಸೇರಿಸಿ. ಮಗುವನ್ನು ಮೊದಲು ಎಡಬದಿಗೆ ಹಾಕುವ ಅಭ್ಯಾಸವನ್ನಂತೂ ಹಾಲು ಬಿಡಿಸುವವರೆಗೂ ಉಳಿಸಿಕೊಳ್ಳಿ.